ಟೆಸ್ಟ್ ಮಾಡಿಸುವ ಮೊದಲು ಗೋಧಿ ಬಿಡಬೇಡಿ

ಗೋಧಿ ತಿಂದರೆ ನನಗೆ ಆಗುವುದಿಲ್ಲ ಅನ್ನುವ ಅನುಮಾನ ನಿಮಗಿದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಂಗಿಗೆ ಸೀಲಿಯಾಕ್ ಕಾಯಿಲೆ ಇದೆ. ಅದು ಗೊತ್ತಾಗುವಷ್ಟರಲ್ಲಿ ತುಂಬಾ ತಡವಾಗಿತ್ತು. ಕಾಯಿಲೆ ಅಪರೂಪದ್ದು, ಅದಕ್ಕೇ ತಡವಾಯಿತು ಅಂತ ಹೇಳುವ ಹಾಗಿಲ್ಲ. ಪ್ರಪಂಚದಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಒಬ್ಬರು ಕೆಲಸಕ್ಕೆ ಬಾರದ ಟೆಸ್ಟ್ ಮಾರಿದರು. ಇನ್ನೊಬ್ಬರು ಸರಿಯಾದ ಟೆಸ್ಟನ್ನೇ ಮಾಡಿಸಿದರು, ಆದರೆ ಮಾಡಿಸಬಾರದ ಸಮಯದಲ್ಲಿ. ತಡವಾಗಿದ್ದು ಹೀಗೆ.

ಅವಳಿಗೆ ಮೊದಲು ಬಂದಿದ್ದು ಹೊಟ್ಟೆನೋವಲ್ಲ, ಸುಸ್ತು. ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ನುಂಗುವಾಗ ಸ್ವಲ್ಪ ಏರುತ್ತಿತ್ತು, ನಿಲ್ಲಿಸಿದರೆ ಮತ್ತೆ ಇಳಿಯುತ್ತಿತ್ತು. ಬಾಯಲ್ಲಿ ಪದೇ ಪದೇ ಹುಣ್ಣು. ಆಮೇಲೆ ಹೊಟ್ಟೆ ಉಬ್ಬರ, ಭೇದಿ. "ಟೆನ್ಷನ್ ಮಾಡ್ಕೋಬೇಡಿ, ಚೆನ್ನಾಗಿ ನಿದ್ದೆ ಮಾಡಿ" ಅಂದವರೂ ಇದ್ದರು. ಎಷ್ಟು ಮಾತ್ರೆ ನುಂಗಿದರೂ ರಕ್ತಹೀನತೆ ಯಾಕೆ ಹೋಗುತ್ತಿಲ್ಲ ಅಂತ ಆಗ ಯಾರೂ ಕೇಳಲಿಲ್ಲ. ನಾವು ತಿಂದದ್ದರಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಸೀಲಿಯಾಕ್ ಹೆಚ್ಚಾಗಿ ಹಾಳು ಮಾಡುವುದೂ ಅದೇ ಜಾಗವನ್ನು.

ಸೀಲಿಯಾಕ್ ಅಂದರೆ ಅಲರ್ಜಿ ಅಲ್ಲ, ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ, ರೈ, ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನ್ ಇರುತ್ತದೆ. ಸೀಲಿಯಾಕ್ ಇರುವವರು ಅದನ್ನು ತಿಂದಾಗ ಅವರ ರೋಗನಿರೋಧಕ ವ್ಯವಸ್ಥೆ ಅವರ ಕರುಳಿನ ಮೇಲೆಯೇ ದಾಳಿ ಮಾಡುತ್ತದೆ. ಆಹಾರದ ಸಾರ ಹೀರುವ ಪುಟ್ಟ ಪುಟ್ಟ ಎಳೆಗಳು ಕರುಳಿನ ಒಳಗೋಡೆಯ ಮೇಲಿರುತ್ತವೆ. ದಾಳಿಯಿಂದ ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಕೆಲವರಿಗೆ ಇದು ಭೇದಿಯಾಗಿ ಕಾಣಿಸುತ್ತದೆ. ಇನ್ನು ಕೆಲವರಲ್ಲಿ ಮೂಳೆ ಸವೆತ, ತುರಿಸುವ ಚರ್ಮದ ಗುಳ್ಳೆ, ಗರ್ಭ ನಿಲ್ಲದಿರುವುದು, ಮಕ್ಕಳಲ್ಲಿ ಎತ್ತರ ಬೆಳೆಯದಿರುವುದು, ಹೀಗೆ. ಕೆಲವರಿಗೆ ಯಾವ ಲಕ್ಷಣವೂ ಇರುವುದಿಲ್ಲ.

ಈಗ ಆ ಟೆಸ್ಟ್ ಮಾರಿದವರ ವಿಷಯಕ್ಕೆ ಬರುತ್ತೇನೆ. ಸುಸ್ತಿನಿಂದ ಬೇಸತ್ತು ಅವಳು ಒಬ್ಬ ಆಹಾರ ಸಲಹೆಗಾರರ ಹತ್ತಿರ ಹೋದಳು. ಅವರು ಬೆರಳಿಗೆ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದು ಕಳಿಸಿದರು. ಬಣ್ಣಬಣ್ಣದ ವರದಿ ಬಂತು. ಎಷ್ಟೊಂದು ಆಹಾರಗಳ ಹೆಸರು, ಪಕ್ಕದಲ್ಲಿ ಕೆಂಪು, ಹಳದಿ, ಹಸಿರು ಗುರುತು. ಗೋಧಿಗೆ ಕೆಂಪು, ಹಾಲಿಗೆ ಕೆಂಪು, ಮೊಟ್ಟೆಗೆ ಹಳದಿ. "ಇವತ್ತಿನಿಂದಲೇ ಗೋಧಿ ಬಿಡಿ" ಅಂದರು. ಮೊದಲು ಡಾಕ್ಟರ್ ಹತ್ತಿರ ಹೋಗಿ ಸೀಲಿಯಾಕ್ ಇದೆಯಾ ಅಂತ ನೋಡಿಸಿಕೊಳ್ಳಿ ಅನ್ನುವ ಒಂದು ಮಾತು ಹೇಳಲಿಲ್ಲ.

ಆ ಟೆಸ್ಟ್ ನೋಡುವುದು ರೋಗನಿರೋಧಕ ವ್ಯವಸ್ಥೆ ತಯಾರಿಸುವ, ಐಜಿಜಿ ಅನ್ನುವ ಪ್ರತಿಕಾಯಗಳನ್ನು. ನಾವು ಆಗಾಗ ತಿನ್ನುವ ಆಹಾರಕ್ಕೆ ದೇಹ ಇವನ್ನು ಮಾಡಿಕೊಳ್ಳುವುದು ಸಹಜ. ಅದು ಇದ್ದರೆ ನೀವು ಆ ಆಹಾರ ತಿಂದಿದ್ದೀರಿ ಅಂತ ಅರ್ಥ, ಅಷ್ಟೇ. ಯುರೋಪಿನ ಅಲರ್ಜಿ ತಜ್ಞರ ಸಂಘಟನೆ 2008ರಲ್ಲೇ, ಆಹಾರ ಒಗ್ಗುತ್ತದೋ ಇಲ್ಲವೋ ತಿಳಿಯಲು ಇಂಥ ಟೆಸ್ಟ್ ಬೇಡ ಎಂದು ಹೇಳಿದೆ. ಆದರೂ ಇದು ಇವತ್ತಿಗೂ ಮಾರಾಟವಾಗುತ್ತಿದೆ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಗೋಧಿ ಬಿಟ್ಟ ಮೇಲೆ ತಂಗಿ ನಿಜವಾಗಿ ಚೇತರಿಸಿಕೊಂಡಳು. ಮುಖದಲ್ಲಿ ಕಳೆ ಬಂತು. ನಮಗೆಲ್ಲ ಖುಷಿ. ಎಷ್ಟೋ ತಿಂಗಳಾದ ಮೇಲೆ ಬೇರೆ ಯಾವುದಕ್ಕೋ ಡಾಕ್ಟರ್ ಹತ್ತಿರ ಹೋದಾಗ ಗೋಧಿಯ ಮಾತು ಬಂತು. ಅವರು ಸೀಲಿಯಾಕ್ ರಕ್ತಪರೀಕ್ಷೆಗೆ ಬರೆದರು. ಸರಿಯಾದ ಪರೀಕ್ಷೆಯೇ. ಟಿಟಿಜಿ-ಐಜಿಎ ಅಂತ ಅದರ ಹೆಸರು. ಸೀಲಿಯಾಕ್ ದಾಳಿಯಲ್ಲಿ ಹುಟ್ಟುವ, ಐಜಿಎ ಅನ್ನುವ ಬೇರೆ ಬಗೆಯ ಪ್ರತಿಕಾಯಗಳನ್ನು ಅದು ನೋಡುತ್ತದೆ. ನಾರ್ಮಲ್ ಬಂತು. "ನಿಮಗೆ ಸೀಲಿಯಾಕ್ ಇಲ್ಲ, ಸುಮ್ನೆ ಪಥ್ಯ ಮಾಡ್ತಿದ್ದೀರಿ, ಎಲ್ಲಾ ತಿನ್ನಿ" ಅಂದರು. ಈಗ ಗೋಧಿ ತಿನ್ನುತ್ತಿದ್ದೀರಾ ಅಂತ ಕೇಳಲಿಲ್ಲ.

ಅನಾಹುತ ಆಗಿದ್ದು ಇಲ್ಲಿಯೇ. ಆ ಪ್ರತಿಕಾಯಗಳು ಹುಟ್ಟುವುದೇ ಗ್ಲುಟೆನ್ ಹೊಟ್ಟೆಗೆ ಹೋದಾಗ. ತಿನ್ನುವುದು ನಿಂತರೆ ಅವು ತಿಂಗಳು ತಿಂಗಳಿಗೂ ಇಳಿಯುತ್ತಾ ಹೋಗುತ್ತವೆ. ಕರುಳೂ ನಿಧಾನವಾಗಿ ವಾಸಿಯಾಗುತ್ತಾ ಬರುತ್ತದೆ. ಆಗ ರಕ್ತ ನೋಡಿದರೂ ಏನೂ ಕಾಣಿಸದೇ ಹೋಗಬಹುದು, ಎಂಡೋಸ್ಕೋಪಿ ಮಾಡಿದರೂ ಅಷ್ಟೇ. ಕಾಯಿಲೆ ಮಾತ್ರ ಹಾಗೇ ಇರುತ್ತದೆ. ಪಥ್ಯದಲ್ಲಿರುವವರ ನಾರ್ಮಲ್ ರಿಪೋರ್ಟ್ ನೋಡಿ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ.

ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಅವಳು ಮತ್ತೆ ತಿನ್ನಲು ಶುರು ಮಾಡಿದಳು, ಮತ್ತೆ ಹಾಸಿಗೆ ಹಿಡಿದಳು. ತಾನೇ ಬಿಟ್ಟಳು, ಸರಿಹೋದಳು. ಮನೆಯವರು "ರಿಪೋರ್ಟ್ ನಾರ್ಮಲ್ ಇದೆಯಲ್ಲ, ಎಲ್ಲಾ ನಿನ್ನ ಮನಸ್ಸಿನಲ್ಲಿ" ಅಂದರು. ಅವಳನ್ನು ಕಾಯಿಲೆಗಿಂತ ಜಾಸ್ತಿ ಕುಗ್ಗಿಸಿದ್ದು ಈ ಮಾತು.

ಕೊನೆಗೆ ಒಬ್ಬ ಕರುಳಿನ ತಜ್ಞರು ಸಿಕ್ಕರು. ಹಳೆಯ ರಿಪೋರ್ಟ್ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಈ ಟೆಸ್ಟ್ ಮಾಡಿಸಿದಾಗ ನೀವು ಗೋಧಿ ತಿನ್ನುತ್ತಿದ್ದಿರಾ?" ಮೊದಲು ಜೀನ್ ಪರೀಕ್ಷೆ ಮಾಡಿಸಿದರು. ಇದಕ್ಕೆ ಪಥ್ಯದಿಂದ ಏನೂ ವ್ಯತ್ಯಾಸ ಆಗುವುದಿಲ್ಲ. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಅನ್ನುವ ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇಲ್ಲ ಅಂತ ಬಹುತೇಕ ಖಚಿತ. ಇದ್ದರೆ ಮಾತ್ರ ಏನೂ ತೀರ್ಮಾನ ಆಗುವುದಿಲ್ಲ, ಯಾಕೆಂದರೆ ಆರೋಗ್ಯವಾಗಿರುವ ಎಷ್ಟೋ ಜನರಲ್ಲೂ ಅವು ಇರುತ್ತವೆ. ತಂಗಿಗೆ ಇತ್ತು. ಹಾಗಾಗಿ ಉಳಿದ ದಾರಿ ಒಂದೇ. ಕಾಯಿಲೆ ತರುವ ಅದೇ ಆಹಾರವನ್ನು ಬೇಕೆಂದೇ, ದಿನಾ ತಿನ್ನಬೇಕು. ಇದಕ್ಕೆ ಗ್ಲುಟೆನ್ ಚಾಲೆಂಜ್ ಅನ್ನುತ್ತಾರೆ. ಅಮೆರಿಕದ ತಜ್ಞರ 2013ರ ಮಾರ್ಗಸೂಚಿ ದಿನಕ್ಕೆ 3 ಗ್ರಾಂ ಗ್ಲುಟೆನ್, 2 ವಾರ, ತಡೆದುಕೊಳ್ಳಲು ಆದರೆ 8 ವಾರ ಅನ್ನುತ್ತದೆ. ಬ್ರಿಟನ್ನಿನಲ್ಲಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ, ಕನಿಷ್ಠ 6 ವಾರ ಅನ್ನುತ್ತಾರೆ.

ಆ ವಾರಗಳನ್ನು ಯಾರಿಗೂ ಬಯಸಲಾರೆ. ಬ್ರೆಡ್ ತಿನ್ನುವುದು, ನರಳುವುದು, ಮರುದಿನ ಮತ್ತೆ ಬ್ರೆಡ್ ತಿನ್ನುವುದು. ಕೆಲಸಕ್ಕೆ ರಜೆ ಹಾಕಿದಳು. ಬಾತ್‌ರೂಮಿನ ಬಾಗಿಲ ಹೊರಗೆ ನಿಂತು ನಾನು "ಇನ್ನು ಸ್ವಲ್ಪ ದಿನ ಅಷ್ಟೇ" ಅನ್ನುತ್ತಿದ್ದೆ. ಟೆಸ್ಟ್ ಮೊದಲೇ ಆಗಿದ್ದರೆ ಇದರಲ್ಲಿ ಒಂದು ದಿನವೂ ಬೇಕಿರಲಿಲ್ಲ. ಈ ಸಲ ರಕ್ತದಲ್ಲಿ ಪಾಸಿಟಿವ್. ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಬೇರೆ ಬೇರೆ ಕಡೆಯಿಂದ ಚೂರು ತೆಗೆದು ನೋಡಿದರು. ಎಳೆಗಳು ಚಪ್ಪಟೆಯಾಗಿದ್ದವು.

ಬಿಟ್ಟರೆ ಸರಿಹೋಗುತ್ತದೆ ತಾನೇ, ಇಷ್ಟೆಲ್ಲಾ ಕಷ್ಟ ಪಟ್ಟು ಹೆಸರು ತಿಳಿದು ಏನಾಗಬೇಕು ಅಂತ ನಮ್ಮನ್ನೂ ಕೇಳಿದರು. ಸುಮ್ಮನೆ ಗೋಧಿ ಕಡಿಮೆ ಮಾಡುವುದು ಬೇರೆ, ಸೀಲಿಯಾಕ್ ಪಥ್ಯ ಬೇರೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನಕ್ಕೆ ಬರೀ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೂ ಕರುಳು ಹಾಳಾಗುವುದು ಕಂಡಿತು. 50 ಮಿಲಿಗ್ರಾಂ ಅಂದರೆ ಬ್ರೆಡ್ಡಿನ ಒಂದು ಚಿಕ್ಕ ಚೂರು. ಪ್ಯಾಕೆಟ್ ಮೇಲೆ ಗ್ಲುಟೆನ್ ಇಲ್ಲ ಎಂದು ಬರೆಯಲು ಅಂತರರಾಷ್ಟ್ರೀಯ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ. ಇಷ್ಟು ಕಟ್ಟುನಿಟ್ಟಾಗಿ, ಜೀವನಪೂರ್ತಿ, ಅನುಮಾನದ ಮೇಲೆ ಯಾರು ಪಥ್ಯ ಮಾಡುತ್ತಾರೆ? ಮೂಳೆಯ ಸಾಂದ್ರತೆ, ವಿಟಮಿನ್, ಥೈರಾಯ್ಡ್ ನೋಡಿಸಿಕೊಳ್ಳುತ್ತಾ ಇರಬೇಕು ಅನ್ನುವುದೂ ಹೆಸರು ಗೊತ್ತಾದ ಮೇಲೆಯೇ ತಿಳಿಯುವುದು.

ಇನ್ನೊಂದು ವಿಷಯ. "ಗೋಧಿ ಇಲ್ಲ" ಅಂತ ಬರೆದಿದ್ದ ಮಾತ್ರಕ್ಕೆ ಗ್ಲುಟೆನ್ ಇಲ್ಲ ಅಂತ ಅಲ್ಲ. ಬಾರ್ಲಿಯ ಮಾಲ್ಟ್ ಇರಬಹುದು. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಓಟ್ಸ್ ಬೆಳೆಯುವಾಗ, ಬೀಸುವಾಗ ಗೋಧಿ ಬೆರೆತಿರುತ್ತದೆ. ಕೆಲವು ಮಾತ್ರೆಗಳಲ್ಲೂ ಗೋಧಿ ಪಿಷ್ಟ ಇರುವುದುಂಟು.

ಈ ಕಾಯಿಲೆಗೆ ಬೇರೆ ಔಷಧಿ ಇಲ್ಲ, ಊಟವೇ ಔಷಧಿ. ಆದ್ದರಿಂದ ಜೊತೆಗಿರುವವರ ನಡವಳಿಕೆಯೂ ಚಿಕಿತ್ಸೆಯ ಭಾಗವೇ. "ಒಂದು ಚೂರು ತಿಂದರೆ ಏನೂ ಆಗಲ್ಲ" ಅನ್ನಬೇಡಿ. ಗುಟ್ಟಾಗಿ ಬಡಿಸಿ ಪರೀಕ್ಷೆ ಮಾಡಬೇಡಿ. ಹಾಗೆ ಮಾಡಿದವರನ್ನು ನಾನು ನೋಡಿದ್ದೇನೆ. ಅವರಿಗೇ ಬೇರೆ ಪಾತ್ರೆ, ಬೇರೆ ಸೌಟು, ಒರೆಸಿದ ಕಟ್ಟೆ ಇರಲಿ. ಅವರು ತಮ್ಮ ಡಬ್ಬಿ ತಾವೇ ತಂದರೆ ಬೇಜಾರು ಮಾಡಿಕೊಳ್ಳಬೇಡಿ.

ಅನುಮಾನ ಇದ್ದರೆ ತಿನ್ನುವುದನ್ನು ತಿನ್ನುತ್ತಲೇ ಡಾಕ್ಟರ್ ಹತ್ತಿರ ಹೋಗಿ. ಟಿಟಿಜಿ-ಐಜಿಎ ಜೊತೆ ಒಟ್ಟು ಐಜಿಎ ಎಷ್ಟಿದೆ ಅಂತಲೂ ನೋಡಿ ಎಂದು ಕೇಳಿ. ಸೀಲಿಯಾಕ್ ಇರುವ ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಇರುವುದಿಲ್ಲ, ಅವರಿಗೆ ಈ ಟೆಸ್ಟ್ ಸುಳ್ಳು ನಾರ್ಮಲ್ ತೋರಿಸುತ್ತದೆ, ಬೇರೆ ಟೆಸ್ಟ್ ಬೇಕಾಗುತ್ತದೆ. ಈಗಾಗಲೇ ಗೋಧಿ ಬಿಟ್ಟಿದ್ದರೆ ಅದನ್ನು ಮೊದಲೇ ಹೇಳಿ. ನೀವೇ ಮತ್ತೆ ಶುರು ಮಾಡಬೇಡಿ. ಚಾಲೆಂಜ್ ಆಗಬೇಕಾದರೆ ಡಾಕ್ಟರ್ ನಿಗಾದಲ್ಲೇ ಆಗಲಿ.

ತಂಗಿಗೆ ಜೊತೆಯಾಗಿ ನಾವೆಲ್ಲರೂ ಗೋಧಿ ಬಿಡೋಣ ಅಂತ ಹೊರಟಿದ್ದೆವು. ಆ ತಜ್ಞರೇ ತಡೆದರು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರಬಹುದು, ಎಲ್ಲರ ಟೆಸ್ಟ್ ಆಗುವವರೆಗೆ ಯಾರೂ ಬಿಡಬೇಡಿ ಅಂದರು. ನನ್ನದು ನಾರ್ಮಲ್ ಬಂತು. ಮುಂದೆ ಬರಬಹುದು, ಆಗಾಗ ನೋಡಿಸುತ್ತಿರಿ ಅಂದಿದ್ದಾರೆ. ಅವಳ ಮಗನದು ಪಾಸಿಟಿವ್. ಹೊಟ್ಟೆ ನೋವು ಅಂತ ಒಂದು ದಿನ ಅಂದವನಲ್ಲ, ವಯಸ್ಸಿಗೆ ಸ್ವಲ್ಪ ಗಿಡ್ಡ ಅಷ್ಟೇ. ಅವನ ಎಂಡೋಸ್ಕೋಪಿ ಇನ್ನೂ ಆಗಬೇಕು. ಅಲ್ಲಿಯವರೆಗೆ ತಂಗಿ ತನ್ನ ಅಡುಗೆ ಮುಗಿಸಿ, ಎತ್ತಿಟ್ಟು, ಆಮೇಲೆ ಅವನಿಗೆ ಬ್ರೆಡ್ ಕೊಡುತ್ತಿದ್ದಾಳೆ.