ಪೆಡಲ್ ಕಿಟ್ ಕೊಳ್ಳುವವರೇ, ಜ್ಯಾಕ್‌ನ ಕಾಲುಗಳನ್ನು ಮೊದಲು ನೋಡಿ

ಗಿಟಾರ್‌ಗೆ ಓವರ್‌ಡ್ರೈವ್ ಪೆಡಲನ್ನು (ದನಿಗೆ ಒರಟು ಗಡಸು ಕೊಡುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಮನೆಯಲ್ಲೇ ಜೋಡಿಸಿಕೊಳ್ಳುವ ಕಿಟ್ ತರಿಸಲು ಹೊರಟಿದ್ದರೆ ಇದನ್ನು ಓದಿ ಮುಂದುವರಿಯಿರಿ. ನನಗೆ ಬಂದ ಕಿಟ್‌ನ ದನಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ನುಡಿಸಿ, ಕೇಬಲ್ ಕಿತ್ತು, ಕಪಾಟಿನಲ್ಲಿಟ್ಟು ವಾರ ಬಿಟ್ಟು ತೆಗೆದರೆ 9 ವೋಲ್ಟಿನ ಹೊಸ ಬ್ಯಾಟರಿ ಸತ್ತಿರುತ್ತಿತ್ತು. ಮಾರಿದವರನ್ನು ಕೇಳಿದಾಗಲೆಲ್ಲ ಒಂದೇ ಉತ್ತರ: ‘ಒಳ್ಳೆಯ ಬ್ಯಾಟರಿ ಹಾಕಿ ನೋಡಿ.’ ಹಾಕಿದೆ. ಒಳ್ಳೆಯದೂ ಸತ್ತಿತು.

ಇಂಥ ಪೆಡಲ್‌ಗಳಲ್ಲಿ ಬ್ಯಾಟರಿಗೆಂದು ಬೇರೆ ಸ್ವಿಚ್ ಇರುವುದಿಲ್ಲ. ಗಿಟಾರ್ ಕೇಬಲ್ ಸೇರುವ ಜ್ಯಾಕೇ ಸ್ವಿಚ್. ಅದಕ್ಕಾಗಿ ಅಲ್ಲಿ ಸ್ಟೀರಿಯೊ ಜ್ಯಾಕ್ ಹಾಕಿ, ಬ್ಯಾಟರಿಯ ಕಪ್ಪು ತಂತಿಯನ್ನು ರಿಂಗ್‌ಗೆ (ಪ್ಲಗ್‌ನ ನಡುಭಾಗ ತಾಗುವ ಪಟ್ಟಿ), ಸರ್ಕ್ಯೂಟಿನ ಗ್ರೌಂಡನ್ನು ಸ್ಲೀವ್‌ಗೆ (ಪ್ಲಗ್‌ನ ಬುಡ ತಾಗುವ ಭಾಗ) ಬೆಸೆಯುತ್ತಾರೆ. ಮಾಮೂಲಿ ಮೊನೊ ಪ್ಲಗ್ ತೂರಿಸಿದಾಗ ಅದರ ಲೋಹದ ಮೈ ಎರಡನ್ನೂ ಕೂಡಿಸುತ್ತದೆ, ಕರೆಂಟ್ ಹರಿಯುತ್ತದೆ. ಕಿತ್ತರೆ ನಿಲ್ಲಬೇಕು.

ಕಿಟ್‌ನ ನಕ್ಷೆಯಲ್ಲಿ ಬಿಡಿಸಿದ್ದು ತೆರೆದ ಮೈಯ ಜ್ಯಾಕ್. ಪೊಟ್ಟಣದಲ್ಲಿ ಬಂದದ್ದು ಪ್ಲಾಸ್ಟಿಕ್ ಕವಚದ ಜ್ಯಾಕ್. ಎರಡರಲ್ಲೂ ತಂತಿ ಬೆಸೆಯುವ ಕಾಲುಗಳ ಸಾಲು ಬೇರೆ. ತೆರೆದದ್ದಾದರೆ ಯಾವ ಪಟ್ಟಿ ಯಾವ ಕಾಲಿಗೆ ಇಳಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ, ಮುಚ್ಚಿದ್ದರಲ್ಲಿ ಕಾಣುವುದಿಲ್ಲ. ನಕ್ಷೆಯನ್ನು ಚಾಚೂ ತಪ್ಪದೆ ಪಾಲಿಸಿದರೆ ಕಪ್ಪು ತಂತಿ ನೇರವಾಗಿ ಸ್ಲೀವ್‌ಗೇ ಹೋಗಿ ಕೂರುತ್ತದೆ. ಪೆಡಲ್ ಚೆನ್ನಾಗಿಯೇ ನುಡಿಯುತ್ತದೆ, ಎಂದೂ ಆರುವುದಿಲ್ಲ, ಅಷ್ಟೇ. ಬೈಪಾಸ್‌ನಲ್ಲಿ, ಅಂದರೆ ಎಫೆಕ್ಟ್ ಹಾಕದಿರುವಾಗ, ಎಲ್‌ಇಡಿ ದೀಪ ಆರಿರುವುದರಿಂದ ಹೊರಗೆ ಸುಳಿವೂ ಸಿಗದು.

ಬ್ಯಾಟರಿಯ ವೋಲ್ಟೇಜ್ ಅಳೆದು ಸಮಾಧಾನಪಡಬೇಡಿ, ಅಳೆಯಬೇಕಾದದ್ದು ಕರೆಂಟ್. ಬ್ಯಾಟರಿ ಕ್ಲಿಪ್‌ನ ಒಂದು ಗುಂಡಿಯನ್ನು ಮಾತ್ರ ಬಿಡಿಸಿ, ಕ್ಲಿಪ್ಪನ್ನು ಪಕ್ಕಕ್ಕೆ ತಿರುಗಿಸಿ. ಬಿಡುವಾದ ಎರಡು ತುದಿಗಳ ನಡುವೆ ಮಿಲಿಆಂಪಿಯರ್‌ಗೆ ಇಟ್ಟ ಮಲ್ಟಿಮೀಟರ್ ಸೇರಿಸಿ. ಅದೇ ಸ್ಥಿತಿಯಲ್ಲಿರುವ ಮೀಟರನ್ನು ಬ್ಯಾಟರಿಯ ಎರಡೂ ತುದಿಗಳಿಗೆ ನೇರವಾಗಿ ಹಿಡಿದರೆ ಮೀಟರಿನ ಫ್ಯೂಸ್ ಹಾರುತ್ತದೆ. ಪ್ಲಗ್ ಇಲ್ಲದಾಗ ಮೀಟರ್ ಸೊನ್ನೆ ತೋರಿಸಬೇಕು. ನನ್ನದು 3.5 ತೋರಿಸಿತು. ಆಲ್ಕಲೈನ್ ಬ್ಯಾಟರಿಯ ಸಾಮರ್ಥ್ಯ ಸುಮಾರು 500 ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಂಡರೆ ಆರು ದಿನದಲ್ಲಿ ಖಾಲಿ. ‘ಒಳ್ಳೆಯ ಬ್ಯಾಟರಿ’ಯ ಉಪದೇಶಕ್ಕೆ ಇದಕ್ಕಿಂತ ಉತ್ತರ ಬೇಕೆ?

ಕಪ್ಪು ತಂತಿಯನ್ನು ರಿಂಗ್‌ನ ಕಾಲಿಗೆ ಬದಲಿಸಿದ ಮೇಲೆ ಸೊನ್ನೆ ಬಂತು. ಆದರೆ ಎಫೆಕ್ಟ್ ಹಾಕಿ ನುಡಿಸುವಾಗ 18 ಮಿಲಿಆಂಪಿಯರ್. ದನಿಯನ್ನು ಹಿಗ್ಗಿಸುವ ಟಿಎಲ್072 ಚಿಪ್ ತಿನ್ನುವುದು ಮೂರರ ಆಸುಪಾಸು, ಬಯಾಸ್‌ಗೆ (ಚಿಪ್‌ಗೆ ಬ್ಯಾಟರಿಯ ಅರ್ಧ ವೋಲ್ಟೇಜ್ ಒದಗಿಸಲು) ಹಾಕುವ 10 ಕಿಲೋಓಮ್‌ನ ರೆಸಿಸ್ಟರ್ ಜೋಡಿ ಅರ್ಧವನ್ನೂ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಎಲ್‌ಇಡಿಯ ಪಾಲು: ಅದಕ್ಕೆ ಕೊಟ್ಟಿದ್ದ ರೆಸಿಸ್ಟರ್ ಕೇವಲ 470 ಓಮ್. ದನಿಗಿಂತ ದೀಪಕ್ಕೇ ಹೆಚ್ಚು ಖರ್ಚು! 4.7 ಕಿಲೋಓಮ್ ಹಾಕಿದೆ. ಒಟ್ಟು ಐದಕ್ಕೆ ಇಳಿಯಿತು, ಬೆಳಕು ಈಗಲೂ ಸಾಕಷ್ಟಿದೆ.

ಬೆಸೆಯುವ ಮುನ್ನವೇ ಮಲ್ಟಿಮೀಟರಿನ ಕಂಟಿನ್ಯುಯಿಟಿ ಬೀಪ್‌ನಿಂದ (ಎರಡು ತುದಿಗಳು ಕೂಡಿದ್ದರೆ ಕೇಳಿಸುವ ಸದ್ದು) ಜ್ಯಾಕ್‌ನ ಕಾಲುಗಳನ್ನು ಗುರುತಿಸಿಕೊಳ್ಳಿ. ರಿಂಗ್ ಮತ್ತು ಸ್ಲೀವ್ ನಡುವೆ ಪ್ಲಗ್ ಇಲ್ಲದಾಗ ಸದ್ದು ಬರಬಾರದು, ತೂರಿಸಿದಾಗ ಬರಬೇಕು. ಬಯಾಸ್ ರೆಸಿಸ್ಟರ್‌ಗಳ ಪಟ್ಟೆಗಳನ್ನೂ ಬೆಳಕಿನಲ್ಲಿ ನೋಡಿ: ಕಂದು-ಕಪ್ಪು-ಕಿತ್ತಳೆ 10 ಕಿಲೋಓಮ್, ಕಂದು-ಕಪ್ಪು-ಕಂದು ಬರೀ 100 ಓಮ್. ಅಂಥ 100ರ ಜೋಡಿ ಒಂದೇ 45 ಮಿಲಿಆಂಪಿಯರ್ ಹೀರುತ್ತದೆ. ಬ್ಯಾಟರಿ ಕೈಗೆ ಬಿಸಿ ತಾಗಿದರೆ ತಕ್ಷಣ ಕಳಚಿ, ಸಪ್ಲೈಗೆ ಅಡ್ಡಲಾಗಿ ಕೂತ ರಕ್ಷಣಾ ಡಯೋಡ್ ತಿರುಗುಮುರುಗಾಗಿದೆಯೇ ಎಂದು ನೋಡಿ.

ಅಡಾಪ್ಟರ್ ಜ್ಯಾಕ್ ಕೂಡ ಇದ್ದರೆ, ಅಡಾಪ್ಟರ್ ಚುಚ್ಚಿದಾಗ ಬ್ಯಾಟರಿಯ ಕೆಂಪು ತಂತಿ ಸರ್ಕ್ಯೂಟಿನಿಂದ ಕಡಿದುಕೊಳ್ಳುತ್ತದೆಯೇ ಎಂದು ಬ್ಯಾಟರಿ ಹಾಕುವ ಮೊದಲೇ ಬೀಪ್‌ನಲ್ಲಿ ಪರೀಕ್ಷಿಸಿ. ಕಡಿದುಕೊಳ್ಳದಿದ್ದರೆ ಅಡಾಪ್ಟರ್ ಆ ಬ್ಯಾಟರಿಗೆ ಚಾರ್ಜ್ ತುಂಬಲು ಹೊರಡುತ್ತದೆ, ಆಲ್ಕಲೈನ್ ಬ್ಯಾಟರಿ ಸೋರಿ ಬೋರ್ಡನ್ನೇ ತಿನ್ನಬಹುದು.