ಆ ಜಾಹೀರಾತಿನಲ್ಲಿರುವುದು ನನ್ನ ಮುಖ, ದಯವಿಟ್ಟು ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ಆ ಕ್ರೀಮನ್ನು ನಾನು ಮೂರು ತಿಂಗಳು ಬಳಸಿಲ್ಲ. ನಾಲ್ಕು ದಿನ ಬಳಸಿದ್ದೆ, ಅದೂ ಪಾರ್ಸಲ್ ಬಂದ ದಿನವನ್ನು ಸೇರಿಸಿ ಲೆಕ್ಕ ಹಾಕಿದರೆ.

ಕಳೆದ ಕೆಲವು ವಾರಗಳಿಂದ ಒಂದು ಜಾಹೀರಾತು ಓಡಾಡುತ್ತಿದೆ. ಅದರಲ್ಲಿ ನಾನು ಕಿಟಕಿಯ ಪಕ್ಕ ಕುಳಿತು, "ಮೂರು ತಿಂಗಳಿಂದ ಬಳಸುತ್ತಿದ್ದೇನೆ, ಕಲೆಗಳೆಲ್ಲ ಹೋಗಿವೆ, ಎಲ್ಲರ ಚರ್ಮಕ್ಕೂ ಒಗ್ಗುತ್ತದೆ" ಎನ್ನುತ್ತೇನೆ. ಮುಖ ನನ್ನದೇ, ದನಿ ನನ್ನದೇ. ಮಾತು ಸುಳ್ಳು. ಅರ್ಧ ಸುಳ್ಳನ್ನು ನಾನು ಹೇಳಿದೆ, ಇನ್ನರ್ಧವನ್ನು ಅವರು ಕತ್ತರಿಸಿ ಜೋಡಿಸಿದರು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನಾಗಲಿ, ಅವರ ಪರವಾಗಿ ನನ್ನಿಂದ ಪ್ರಚಾರ ಮಾಡಿಸಿದ ಏಜೆನ್ಸಿಯ ಹೆಸರನ್ನಾಗಲಿ ಹಾಕುತ್ತಿಲ್ಲ. ಒಬ್ಬ ಹುಡುಗಿ ದೂರು ಕೊಡುವ ತಯಾರಿಯಲ್ಲಿದ್ದಾಳೆ, ಅವಳಿಗೆ ನನ್ನಿಂದ ಇನ್ನಷ್ಟು ತೊಂದರೆ ಆಗಬಾರದು.

ನನ್ನದು ದೊಡ್ಡ ಖಾತೆಯಲ್ಲ. 11 ಸಾವಿರ ಫಾಲೋವರ್‌ಗಳು. ಮೊಡವೆ, ಕಲೆ ಇದ್ದ ಮುಖವನ್ನು ಫಿಲ್ಟರ್ ಇಲ್ಲದೆ ತೋರಿಸುತ್ತೇನೆ ಎಂಬ ಒಂದೇ ಕಾರಣಕ್ಕೆ ಬಂದವರು ಅವರಲ್ಲಿ ಬಹಳ ಮಂದಿ. ಅದನ್ನು ಹಲವರು ಕಾಮೆಂಟಿನಲ್ಲಿ ಬರೆದಿದ್ದರು. ಏಜೆನ್ಸಿಯವರ ಮೊದಲ ಸಂದೇಶದಲ್ಲೂ ಅದೇ ಇತ್ತು. "ಮೇಡಂ, ನಿಮ್ಮ ಪ್ರಾಮಾಣಿಕತೆ ನಮಗೆ ಬಹಳ ಹಿಡಿಸಿತು. ದೊಡ್ಡ ಇನ್‌ಫ್ಲುಯೆನ್ಸರ್‌ಗಳಿಗಿಂತ ನಿಮ್ಮಂಥವರ ಮಾತನ್ನು ಜನ ನಂಬುತ್ತಾರೆ." ಓದಿ ಹಿಗ್ಗಿದೆ. ಅವರು ಕೊಳ್ಳಲು ಬಂದದ್ದು ಏನನ್ನು ಎಂದು ಆ ಸಂದೇಶದಲ್ಲೇ ಸ್ಪಷ್ಟವಾಗಿ ಬರೆದಿದ್ದರು. ಈಗ ಓದಿದರೆ ಗೊತ್ತಾಗುತ್ತದೆ. ಆಗ ಗೊತ್ತಾಗಲಿಲ್ಲ.

ಕೊಲ್ಯಾಬ್, ಅಂದರೆ ಹಣ ಪಡೆದು ವಸ್ತುವಿನ ಪ್ರಚಾರ ಮಾಡುವುದು, ನಡೆಯುವುದು ಹೀಗೆ. ಪಾರ್ಸಲ್ ಬರುತ್ತದೆ, ಏನು ಹೇಳಬೇಕು, ಹೇಗೆ ತೋರಿಸಬೇಕು ಎಂಬ ಬ್ರೀಫ್ ಬರುತ್ತದೆ, ವಿಡಿಯೊ ಮಾಡಿ ಕಳುಹಿಸುತ್ತೇವೆ, ಅವರು ಒಪ್ಪಿದ ಮೇಲೆ ಹಾಕುತ್ತೇವೆ. ಅರ್ಧ ಹಣ ಮೊದಲು, ಅರ್ಧ ಆಮೇಲೆ. ಇಲ್ಲೂ ಹಾಗೆಯೇ ಶುರುವಾಯಿತು. ಆದರೆ ಬ್ರೀಫಿನ ಎರಡನೆಯ ಪುಟದಲ್ಲಿ ನಾನು ಹೇಳಬೇಕಾದ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು. "ಮೂರು ತಿಂಗಳಿಂದ ಬಳಸುತ್ತಿದ್ದೇನೆ."

ನಾನು ಕೇಳಿದೆ. ಕೇಳಲಿಲ್ಲವೆಂದಲ್ಲ. ಪಾರ್ಸಲ್ ಬಂದು ಎರಡು ದಿನವಾಗಿದೆ, ಮೂರು ತಿಂಗಳು ಎಂದು ಹೇಗೆ ಹೇಳಲಿ ಎಂದು ಬರೆದೆ. "ಮೇಡಂ, ಅದು ಬರೀ ಸ್ಕ್ರಿಪ್ಟ್. ಎಲ್ಲರೂ ಹೀಗೆಯೇ ಹೇಳುತ್ತಾರೆ. ನೋಡುವವರಿಗೂ ಗೊತ್ತಿರುತ್ತದೆ" ಎಂಬ ಉತ್ತರ ಬಂತು. ನೋಡುವವರಿಗೆ ಗೊತ್ತಿರುತ್ತದೆ! ಗೊತ್ತಿದ್ದರೆ ಯಾರು ಕೊಳ್ಳುತ್ತಿದ್ದರು? ಆ ಪ್ರಶ್ನೆಯನ್ನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ.

ಆಮೇಲೆ ಫೋಟೊ. "ಮೊದಲು" ಒಂದು, "ನಂತರ" ಒಂದು. ಎರಡನ್ನೂ ಒಂದೇ ದಿನ ತೆಗೆಸಿದರು. ಮೊದಲನೆಯದನ್ನು ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, ಮುಖ ತಗ್ಗಿಸಿ, ಕೂದಲು ಹಿಂದಕ್ಕೆ ಬಿಗಿದು ಕಟ್ಟಿ ತೆಗೆಯಬೇಕಂತೆ. ಎರಡನೆಯದು ಬೆಳಗಿನ ಕಿಟಕಿ ಬೆಳಕಿನಲ್ಲಿ, ಗಲ್ಲ ಎತ್ತಿ, ನಗುತ್ತಾ. ನಾನು ಬೆಳಗಿನದನ್ನೇ ಮೊದಲು ತೆಗೆದೆ. ಅಂದರೆ ನನ್ನ "ನಂತರ", "ಮೊದಲು"ಗಿಂತ ಹದಿಮೂರು ಗಂಟೆ ಹಿಂದಿನದು. ಗಮನವಿಟ್ಟು ನೋಡಿ, ಎರಡರಲ್ಲೂ ಎಡಗೆನ್ನೆಯ ಮೇಲೆ ಅದೇ ಮೊಡವೆ ಇದೆ. ಎರಡನೆಯದರಲ್ಲಿ ಬೆಳಕಿಗೆ ಮಸುಕಾಗಿದೆ, ಅಷ್ಟೇ.

ಮನಸ್ಸು ತಡೆಯದೆ ವಿಡಿಯೊದಲ್ಲಿ ಒಂದು ಮಾತು ಸೇರಿಸಿದ್ದೆ. "ಎಲ್ಲರ ಚರ್ಮಕ್ಕೂ ಒಗ್ಗುತ್ತದೆ ಎಂದು ನಾನು ಹೇಳಲಾರೆ, ಮೊದಲು ಕೈಗೆ ಸ್ವಲ್ಪ ಹಚ್ಚಿ ನೋಡಿ." ಅದು ಬೇಡ, ನಕಾರಾತ್ಮಕವಾಗಿದೆ ಎಂದರು. ತೆಗೆದೆ. ಮತ್ತೊಮ್ಮೆ ಚಿತ್ರೀಕರಿಸಿ 42 ಸೆಕೆಂಡಿನ ವಿಡಿಯೊ ಹಾಕಿದೆ. ಎಡಿಟ್ ಮಾಡದ ತುಣುಕುಗಳೆಲ್ಲ ಬೇಕು, "ದಾಖಲೆಗೆ" ಎಂದರು. ಕಳುಹಿಸಿದೆ. ಎಲ್ಲವನ್ನೂ.

ಜಾಹೀರಾತು ಎಂಬ ಗುರುತು ಎಲ್ಲಿ ಹಾಕಲಿ ಎಂದು ಕೇಳಿದ್ದಕ್ಕೆ, ಕ್ಯಾಪ್ಷನ್ನಿನ ಕೊನೆಯಲ್ಲಿ, ಹ್ಯಾಷ್‌ಟ್ಯಾಗ್‌ಗಳ ನಡುವೆ ಎಲ್ಲಾದರೂ ಹಾಕಿ ಎಂದರು. "ಮೇಲೆ ಹಾಕಿದರೆ ಜನ ನೋಡುವುದಿಲ್ಲ ಮೇಡಂ. ದೊಡ್ಡ ದೊಡ್ಡವರೇ ಹಾಕುವುದಿಲ್ಲ." ಹದಿನೆಂಟು ಹ್ಯಾಷ್‌ಟ್ಯಾಗ್‌ಗಳಲ್ಲಿ ಅದು ಹದಿನೇಳನೆಯದಾಗಿ ಹೋಯಿತು.

ಒಂಬತ್ತು ದಿನ ಕಳೆದ ಮೇಲೆ ಆ ಹುಡುಗಿಯ ಸಂದೇಶ ಬಂತು. ಮೂರು ಫೋಟೊ. ಕೆನ್ನೆ ಕೆಂಪಾಗಿ, ಮೂಗಿನ ಪಕ್ಕ ಚರ್ಮ ಸುಲಿದು, ಸುತ್ತ ಕಪ್ಪು ಅಂಚು ಕಟ್ಟಿತ್ತು. ಬೈದಿದ್ದಾಳೆ ಎಂದುಕೊಂಡು ಕೆಳಗೆ ಓದಿದೆ. ಬೈದಿರಲಿಲ್ಲ. "ಅಕ್ಕ, ನೀವು ಮೂರು ತಿಂಗಳಿಂದ ಹಚ್ಚುತ್ತಿದ್ದೀರಲ್ಲ, ನಿಮಗೂ ಮೊದಲು ಹೀಗೆ ಉರಿಯುತ್ತಿತ್ತೇ? ಎಷ್ಟು ದಿನಕ್ಕೆ ಸರಿಹೋಯಿತು?"

ಅವಳು ಇನ್ನೂ ಹಚ್ಚುತ್ತಲೇ ಇದ್ದಳು. ಉರಿಯುತ್ತಿದ್ದರೂ ಹಚ್ಚುತ್ತಿದ್ದಳು, ಏಕೆಂದರೆ ಅಕ್ಕ ಮೂರು ತಿಂಗಳು ಹಚ್ಚಿದ್ದಾಳೆ. ನನಗೆ ಮೊಬೈಲ್ ಹಿಡಿಯಲು ಆಗಲಿಲ್ಲ. ಈಗಲೇ ನಿಲ್ಲಿಸು, ಚರ್ಮದ ವೈದ್ಯರಿಗೆ ತೋರಿಸು, ನಾನು ಹೇಳಿದ್ದು ಸುಳ್ಳು ಎಂದು ಬರೆದೆ. ಅವಳು ತುಂಬಾ ಹೊತ್ತು ಉತ್ತರಿಸಲಿಲ್ಲ. ಆಮೇಲೆ "ಸರಿ ಅಕ್ಕ" ಎಂದಳು.

ವಿಡಿಯೊ ಅಳಿಸಿದೆ. ಫೋಟೊಗಳನ್ನು ಏಜೆನ್ಸಿಗೆ ಕಳುಹಿಸಿದೆ. ಬಂದ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ. "ಅಯ್ಯೋ, ಪಾಪ. ಅವರ ಚರ್ಮ ಸೂಕ್ಷ್ಮ ಇರಬೇಕು. ಮೊದಲು ಕೈಗೆ ಹಚ್ಚಿ ನೋಡಬೇಕಿತ್ತಲ್ಲವೇ ಮೇಡಂ?" ನೋಡಬೇಕಿತ್ತು! ನಾನು ಹೇಳಿದ್ದೂ ಅದನ್ನೇ, ತೆಗೆಸಿದ್ದು ನೀವೇ. ಹಾಗೆಂದು ಬರೆದೆ. "ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ. ಆದರೆ ವಿಡಿಯೊ 90 ದಿನ ಇರಬೇಕಿತ್ತು, ನೀವು ಒಪ್ಪಂದ ಮುರಿದಿದ್ದೀರಿ, ಉಳಿದ ಹಣ ಬರುವುದಿಲ್ಲ." ಹಣ ಬೇಡ, ಕ್ರೀಮಿನಲ್ಲಿ ಏನಿದೆ ಎಂದು ಹೇಳಿ, ಆ ಹುಡುಗಿಯ ವೈದ್ಯರು ಕೇಳುತ್ತಿದ್ದಾರೆ ಎಂದೆ. "ಅದನ್ನು ಬ್ರ್ಯಾಂಡಿನವರನ್ನೇ ಕೇಳಬೇಕು ಮೇಡಂ." ಬ್ರ್ಯಾಂಡಿನವರನ್ನು ಕೇಳಿದರೆ, "ಏಜೆನ್ಸಿಯ ಮೂಲಕ ಬನ್ನಿ."

ಇದಾಗಿ ಹದಿನೈದು ದಿನಕ್ಕೆ ನಾನೇ ಆ ಜಾಹೀರಾತನ್ನು ನೋಡಿದೆ. ಅವರದೇ ಪುಟದಿಂದ ಬಂದಿತ್ತು. ನನ್ನ ಮುಖ, ನನ್ನ ದನಿ: "ಎಲ್ಲರ ಚರ್ಮಕ್ಕೂ ಒಗ್ಗುತ್ತದೆ." ನಾನೆಲ್ಲಿ ಹೀಗೆ ಹೇಳಿದೆ ಎಂದು ಮತ್ತೆ ಮತ್ತೆ ಹಾಕಿ ನೋಡಿದೆ. ನಾಲ್ಕನೆಯ ಸಲ ಕಿವಿಗೆ ಬಿತ್ತು. "ಒಗ್ಗುತ್ತದೆ" ಎಂಬ ಮಾತು ಮುಗಿದಂತೆ ಕೇಳುವುದಿಲ್ಲ, ಇನ್ನೂ ಏನೋ ಹೇಳಲಿರುವಂತೆ ದನಿ ಮೇಲೆಯೇ ನಿಂತುಬಿಡುತ್ತದೆ. "ಎಂದು ನಾನು ಹೇಳಲಾರೆ" ಎಂಬುದನ್ನು ಕತ್ತರಿಸಿ ಹಾಕಿದ್ದರು. ನಾನು ಎಚ್ಚರಿಕೆಗೆಂದು ಆಡಿದ ಒಂದೇ ಒಂದು ನಿಜದ ಮಾತು, ಅದರ ಬಾಲ ಕತ್ತರಿಸಿ ಭರವಸೆ ಮಾಡಿಕೊಂಡಿದ್ದರು. "ದಾಖಲೆಗೆ" ಎಂದು ಪಡೆದ ತುಣುಕುಗಳು ಇದಕ್ಕೆ ಬಳಕೆಯಾದವು.

ಕೇಳಿದ್ದಕ್ಕೆ ಒಂದೇ ಸಾಲು: "ದಯವಿಟ್ಟು 11ನೇ ಕಲಮು ಓದಿ." ಓದಿದೆ. ಕಳುಹಿಸಿದ ಎಲ್ಲ ದೃಶ್ಯಗಳನ್ನು "ಎಲ್ಲ ಮಾಧ್ಯಮಗಳಲ್ಲಿ, ಅಗತ್ಯ ಬದಲಾವಣೆಗಳೊಂದಿಗೆ, ಶಾಶ್ವತವಾಗಿ" ಬಳಸುವ ಹಕ್ಕು ಅವರಿಗಿದೆಯಂತೆ. ಏಳು ಪುಟದ ಒಪ್ಪಂದ, ನಾನು ಹಣದ ಸಾಲನ್ನು ಮಾತ್ರ ನೋಡಿ ಸಹಿ ಹಾಕಿದ್ದೆ. ಮತ್ತೆ ಫೋನ್ ಮಾಡಿದಾಗ, ನನ್ನೊಂದಿಗೆ ವ್ಯವಹರಿಸುತ್ತಿದ್ದವರು ಕೆಲಸ ಬಿಟ್ಟಿದ್ದಾರೆ ಎಂದರು.

"ದೊಡ್ಡವರೇ ಹಾಕುವುದಿಲ್ಲ" ಎಂದಿದ್ದರಲ್ಲ, ಅದನ್ನೂ ಹುಡುಕಿ ನೋಡಿದೆ. ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಒಂದು ಕ್ರಿಪ್ಟೊ ನಾಣ್ಯದ ಪ್ರಚಾರಕ್ಕೆ ಎರಡೂವರೆ ಲಕ್ಷ ಡಾಲರ್ ಪಡೆದದ್ದನ್ನು ಮುಚ್ಚಿಟ್ಟಿದ್ದಕ್ಕೆ 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆಗೆ 12.6 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಆಕೆ ಜಾಹೀರಾತು ಎಂಬ ಹ್ಯಾಷ್‌ಟ್ಯಾಗನ್ನು ಹಾಕಿಯೂ ಇದ್ದರು, ಅದು ಸಾಲಲಿಲ್ಲ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ ಎಎಸ್‌ಸಿಐ 2021ರಲ್ಲೇ ನಿಯಮ ಮಾಡಿದೆ: ಪುಕ್ಕಟೆ ವಸ್ತು ಪಡೆದಿದ್ದರೂ ಹೇಳಬೇಕು, ಗುರುತನ್ನು ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹುದುಗಿಸಬಾರದು, 15 ಸೆಕೆಂಡಿಗಿಂತ ಉದ್ದದ, ಎರಡು ನಿಮಿಷದೊಳಗಿನ ವಿಡಿಯೊದಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಅದು ಕಾಣಬೇಕು. ನನ್ನ 42 ಸೆಕೆಂಡಿನಲ್ಲಿ 14 ಸೆಕೆಂಡು. ಒಂದು ಸೆಕೆಂಡೂ ಇರಲಿಲ್ಲ. ಬಳಸದ ವಸ್ತುವಿನ ಅನುಭವ ಹೇಳಬೇಡಿ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಹೊರತಂದ ಕೈಪಿಡಿಯಲ್ಲಿದೆ. ಅದನ್ನು ತಿಳಿಯಲು ನನಗೆ ಕೈಪಿಡಿ ಬೇಕಿರಲಿಲ್ಲ. ಅದು ನನ್ನನ್ನು ಹೆಚ್ಚು ಸುಡುತ್ತಿದೆ.

ಸಣ್ಣ ಖಾತೆ ಇಟ್ಟುಕೊಂಡವರಿಗೆ ಹೇಳುವುದಿಷ್ಟು. ಎಡಿಟ್ ಮಾಡದ ತುಣುಕುಗಳನ್ನು ಯಾರಿಗೂ ಕೊಡಬೇಡಿ, ಕೊಡಲೇಬೇಡಿ. "ಶಾಶ್ವತವಾಗಿ" ಎಂಬ ಪದ ಕಂಡರೆ ಸಹಿ ಹಾಕಬೇಡಿ, ದಿನಾಂಕ ಬರೆಸಿಕೊಳ್ಳಿ. ನಿಮ್ಮ ಪ್ರಾಮಾಣಿಕತೆಯನ್ನು ಹೊಗಳಿಕೊಂಡು ಬಂದವರು ಮರುದಿನವೇ ಸುಳ್ಳಿನ ಸ್ಕ್ರಿಪ್ಟ್ ಕಳುಹಿಸಿದರೆ ಪಾರ್ಸಲ್ ವಾಪಸ್ ಮಾಡಿ. ನೋಡುವವರು "ಮೊದಲು–ನಂತರ" ಫೋಟೊಗಳಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಿ. ನನ್ನ ಜಾಹೀರಾತು ಕಂಡರೆ ವರದಿ ಮಾಡಿ. ನಾನು ಆರು ಸಲ ಮಾಡಿದ್ದೇನೆ.

ನಿನ್ನೆ ಆ ಹುಡುಗಿ ಮತ್ತೆ ಬರೆದಿದ್ದಳು. ಕೆಂಪು ಇಳಿಯುತ್ತಿದೆಯಂತೆ, ಕಪ್ಪು ಅಂಚು ಹೋಗಲು ಸಮಯ ಬೇಕಂತೆ. ಟ್ಯೂಬನ್ನು ಎಸೆಯಲೇ ಎಂದು ಕೇಳಿದಳು. ಎಸೆಯಬೇಡ, ಡಬ್ಬಿ, ಬಿಲ್ಲು ಎಲ್ಲ ಇಟ್ಟುಕೋ, ದೂರಿಗೆ ಬೇಕು ಎಂದೆ. ಪಾರ್ಸಲ್ ಬಂದ ದಿನದ ರಸೀದಿ, ಬ್ರೀಫಿನ ಎರಡನೆಯ ಪುಟ, ಏಜೆನ್ಸಿಯ ಸಂದೇಶಗಳ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ಅವಳಿಗೆ ಕಳುಹಿಸಿದ್ದೇನೆ. ಜೊತೆಗೆ ನನ್ನ ಸಹಿಯಿರುವ ಒಂದು ಹಾಳೆ: ನಾನು ಈ ಕ್ರೀಮನ್ನು ಬಳಸಿದ್ದು ನಾಲ್ಕು ದಿನ.