ಹತ್ತು ವಾರದ ಕ್ವಾರ್ಟರ್ ವಾಸಿಯೋ, ಹದಿನೈದು ವಾರದ ಸೆಮಿಸ್ಟರ್ ವಾಸಿಯೋ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಮರ್ಸೆಡ್ ಕ್ಯಾಂಪಸ್‌ಗಳಲ್ಲಿ ಪದವಿ ಓದು ಸೆಮಿಸ್ಟರ್ ಲೆಕ್ಕದಲ್ಲಿ ನಡೆಯುತ್ತದೆ. ಲಾಸ್ ಏಂಜಲೀಸ್, ಸ್ಯಾನ್ ಡಿಯೆಗೊ, ಡೇವಿಸ್‌ಗಳಲ್ಲಿ ಕ್ವಾರ್ಟರ್, ಅಂದರೆ ವರ್ಷದ ಓದನ್ನು ಎರಡರ ಬದಲು ಮೂರು ಅವಧಿಗೆ ಹಂಚುವ ಪದ್ಧತಿ. ಪದವಿಗೆ ಬರ್ಕ್ಲಿಯಲ್ಲಿ 120 ಯೂನಿಟ್ (ಕೋರ್ಸಿನ ತೂಕ ಅಳೆಯುವ ಕ್ರೆಡಿಟ್) ಬೇಕು, ಲಾಸ್ ಏಂಜಲೀಸ್‌ನಲ್ಲಿ 180. ಹೆಚ್ಚು ಓದಬೇಕೆಂದಲ್ಲ, ಒಂದು ಸೆಮಿಸ್ಟರ್ ಯೂನಿಟ್‌ಗೆ ಒಂದೂವರೆ ಕ್ವಾರ್ಟರ್ ಯೂನಿಟ್ ಸಮ.

ವ್ಯತ್ಯಾಸ ಇರುವುದು ಓಟದಲ್ಲಿ. ಕ್ವಾರ್ಟರ್ ಎಂದರೆ ಹತ್ತು ವಾರ ಪಾಠ, ಹನ್ನೊಂದನೆಯ ವಾರ ಫೈನಲ್. ಮೂರನೆಯ ಅಥವಾ ನಾಲ್ಕನೆಯ ವಾರಕ್ಕೇ ಮಿಡ್‌ಟರ್ಮ್, ಅಂದರೆ ನಡುವಿನ ಪರೀಕ್ಷೆ, ಶುರು. ಜ್ವರ ಬಂದು ಒಂದು ವಾರ ಮಲಗಿದರೆ ಪಾಠದ ಹತ್ತನೇ ಒಂದು ಭಾಗ ಕೈತಪ್ಪಿತು. ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ಹದಿನೈದು ದಿನ ನಿದ್ದೆಗೆಟ್ಟು ಓದಿ ಪಾಸಾಗುವ ರೂಢಿ ಇಲ್ಲಿ ಕೈಕೊಡುತ್ತದೆ, ಏಕೆಂದರೆ ವಾರವಾರದ ಹೋಮ್‌ವರ್ಕ್‌ನ ಅಂಕಗಳೂ ಗ್ರೇಡಿಗೆ ಸೇರುತ್ತವೆ.

ಎಫ್-1 ವೀಸಾದವರು, ಅಂದರೆ ಅಮೆರಿಕದ ವಿದ್ಯಾರ್ಥಿ ವೀಸಾದಲ್ಲಿ ಬಂದವರು, ಇನ್ನೊಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಪದವಿ ವಿದ್ಯಾರ್ಥಿ ಪ್ರತಿ ಅವಧಿಯಲ್ಲೂ ಕನಿಷ್ಠ 12 ಯೂನಿಟ್ ತೆಗೆದುಕೊಂಡಿರಲೇಬೇಕು. ಕ್ವಾರ್ಟರ್‌ನಲ್ಲಿ ನಾಲ್ಕು ಯೂನಿಟ್‌ನ ಮೂರು ಕೋರ್ಸ್ ಎಂದರೆ ಸರಿಯಾಗಿ 12. ಕಷ್ಟವೆಂದು ಒಂದನ್ನು ಬಿಟ್ಟರೆ 8ಕ್ಕೆ ಇಳಿದು ವೀಸಾ ಸ್ಥಿತಿಗೇ ಧಕ್ಕೆ. ಕೋರ್ಸ್ ಬಿಡುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಒಪ್ಪಿಗೆ ಪಡೆಯಿರಿ, ಬಿಟ್ಟ ಮೇಲಲ್ಲ.

ಕಾಲೇಜು ಬದಲಿಸುವವರಿಗೆ ಭಿನ್ನರಾಶಿಯ ಕಾಟ. ನಾಲ್ಕು ಕ್ವಾರ್ಟರ್ ಯೂನಿಟ್ ಸೆಮಿಸ್ಟರ್ ಲೆಕ್ಕಕ್ಕೆ 2.67 ಆಗುತ್ತದೆ, ಮೂರು ಯೂನಿಟ್ ಬೇಕೆಂಬ ಕಡೆ 0.33 ಕಡಿಮೆ ಬಿದ್ದು ಇನ್ನೊಂದು ಕೋರ್ಸ್ ಓದಬೇಕಾದೀತು. ಮೂರು ಕ್ವಾರ್ಟರ್‌ಗೆ ಹಂಚಿದ ಭೌತಶಾಸ್ತ್ರವನ್ನು ಎರಡಕ್ಕೇ ಬಿಟ್ಟು ಹೋಗಬೇಡಿ, ಸರಣಿ ಮುಗಿಸಿಯೇ ಹೊರಡಿ.

ಇಷ್ಟಾದರೂ ಕ್ವಾರ್ಟರ್ ನನಗೆ ಪ್ರಿಯ. ವರ್ಷಕ್ಕೆ ಒಂಬತ್ತರಿಂದ ಹನ್ನೆರಡು ಕೋರ್ಸ್ ರುಚಿ ನೋಡಬಹುದು, ಹಿಡಿಸದ ಪಾಠ ಹತ್ತೇ ವಾರಕ್ಕೆ ಮುಗಿಯುತ್ತದೆ. ಆದರೆ ಊರಿಂದ ಹೊಸದಾಗಿ ಹೋಗಿ, ಅಡುಗೆ, ಮನೆ, ಭಾಷೆ ಎಲ್ಲಕ್ಕೂ ಒಟ್ಟಿಗೆ ಒಗ್ಗಿಕೊಳ್ಳಬೇಕಾದ ಮೊದಲ ವರ್ಷದವರಿಗೆ ಸೆಮಿಸ್ಟರೇ ಲೇಸು. ಎಡವಿದರೂ ಎದ್ದು ನಿಲ್ಲಲು ವಾರಗಳು ಉಳಿದಿರುತ್ತವೆ. ಚಳಿಗಾಲದ ರಜೆಯೂ ಬರ್ಕ್ಲಿಯಲ್ಲಿ ಸುಮಾರು ಒಂದು ತಿಂಗಳು ಸಿಗುತ್ತದೆ, ಬೆಂಗಳೂರಿಗೆ ಬಂದು ಹೋಗಲು ಸಾಕು. ಕ್ವಾರ್ಟರ್‌ನವರಿಗೆ ಜನವರಿ ಮೊದಲ ವಾರಗಳಲ್ಲೇ ಮತ್ತೆ ತರಗತಿ.

ಕ್ವಾರ್ಟರ್ ಮುಗಿಯುವುದು ಜೂನ್ ನಡುವಿಗೆ, ಸೆಮಿಸ್ಟರ್ ಮೇ ನಡುವಿಗೆ. ಹಾಗಾಗಿ ಕ್ವಾರ್ಟರ್‌ನವರು ಇಂಟರ್ನ್‌ಶಿಪ್ ಆಫರ್ ಬಂದಾಗ ಜೂನ್ ಕೊನೆಯಲ್ಲಿ ಸೇರಲು ಅವಕಾಶ ಇದೆಯೇ ಎಂದು, ಸಹಿ ಹಾಕುವ ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ.